ಜುಲೈ ಇಪ್ಪತ್ತರ ಹುಟ್ಟುಹಬ್ಬ

ಹಿಲ್ಸ್‌ಬರೋ, ನ್ಯೂಜೆರ್ಸಿ
ಮೇ 30, 2026, ಶನಿವಾರ

ಪ್ರೀತಿಯ ರೀ,

ಹೀಗೆ ಯಾರೂ ಪತ್ರ ಶುರು ಮಾಡುವುದಿಲ್ಲ, ಗೊತ್ತು. ‘ಪ್ರಿಯ ಬದರಿ ಅವರಿಗೆ’ ಎಂದು ಮೊದಲು ಒಂದು ಹಾಳೆಯಲ್ಲಿ ಬರೆದೆ. ಬ್ಯಾಂಕಿನವರು ಬರೆದ ಹಾಗೆ ಕಂಡಿತು, ಹರಿದು ಹಾಕಿದೆ. ಇಪ್ಪತ್ತೆರಡು ವರ್ಷದಿಂದ ಕರೆಯುವ ಹಾಗೆಯೇ ಕರೆಯುತ್ತೇನೆ. ನಿಮ್ಮ ಬೆನ್ನುನೋವು ಹೇಗಿದೆ? ಅಲ್ಲಿನ ಹಳೇ ಹಾಸಿಗೆ ಬಿಟ್ಟು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿ ಎಂದು ಹೇಳಿದ್ದೆ, ಕೇಳಿರುವುದಿಲ್ಲ ಬಿಡಿ. ಅತ್ತೆಯ ಮಂಡಿ ಹೇಗಿದೆ? ಮೆಟ್ಟಿಲು ಹತ್ತಿ ನಿಮ್ಮ ರೂಮಿಗೆ ಕಾಫಿ ತಂದುಕೊಡುತ್ತಾರೆ ಎಂದು ಕೇಳಿದೆ. ನೀವು ಇಳಿದು ಹೋಗಿ ಕುಡಿಯಬಾರದೇ? ಅವರಿಗೆ ಎರಡು ಟ್ಯೂಬ್ ಮುಲಾಮು, ನಿಮಗೆ ಬಾದಾಮಿ, ಮತ್ತು ಈ ಪತ್ರ, ಮೂರನ್ನೂ ಮಹದೇವ ಅಂಕಲ್ ತರುತ್ತಾರೆ. ಪಕ್ಕದ ಬೀದಿಯಲ್ಲಿ ಮಗಳ ಮನೆಗೆ ಬಂದಿದ್ದವರು ಸೋಮವಾರ ಮೈಸೂರಿಗೆ ಹೊರಟಿದ್ದಾರೆ. ಅವರ ಸೂಟ್‌ಕೇಸಿನಲ್ಲಿ ಒಂದೂವರೆ ಕೇಜಿ ಜಾಗ ಉಳಿದಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಬಂದದ್ದೇ ತಡ, ಹನ್ನೊಂದು ಜನ ಕೈ ಎತ್ತಿದರು. ನಾನು ಮೆಸೇಜ್ ಗಿಸೇಜ್ ಮಾಡದೆ ನೇರ ಅವರ ಮನೆಗೇ ನಡೆದುಹೋಗಿ ಜಾಗ ಹಿಡಿದೆ.

ಫೋನಿರುವಾಗ ಇವಳಿಗೇನು ಪತ್ರದ ಹುಚ್ಚು ಎಂದು ನೀವು ನಗಬಹುದು. ನಗಿ. ಆದರೆ ಹನ್ನೊಂದು ವಾರದಿಂದ ನೀವು ಕ್ಯಾಮೆರಾ ಹಾಕಿಲ್ಲ. ನನ್ನ ಜೊತೆ ಮಾತಾಡುತ್ತೀರಿ, ಮಗಳ ಹೆಜ್ಜೆ ಸಪ್ಪಳ ಕೇಳಿದ ತಕ್ಷಣ ‘ನೆಟ್‌ವರ್ಕ್ ಸರಿ ಇಲ್ಲ ಕಣೇ’ ಎಂದು ಇಟ್ಟುಬಿಡುತ್ತೀರಿ. ಕುವೆಂಪುನಗರದಲ್ಲಿ ನೆಟ್‌ವರ್ಕ್ ಇಲ್ಲವೆಂದರೆ ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ? ಇನ್ನು ಏಳು ವಾರಕ್ಕೆ ಅಕ್ಷತಾ ಈ ದೇಶ ಬಿಡುತ್ತಾಳೆ. ಅಪ್ಪ ಮಗಳು ಮಾತು ಬಿಟ್ಟಿರುವಾಗಲೇ ಅವಳು ವಿಮಾನ ಹತ್ತುವುದನ್ನು ನಾನು ನೋಡಲಾರೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಹೇಳಬೇಕಾದದ್ದನ್ನು ಅರ್ಧಕ್ಕೇ ನುಂಗುತ್ತೇನೆ. ನುಂಗಿ ನುಂಗಿಯೇ ಹನ್ನೊಂದು ವಾರ ಕಳೆದಿದ್ದೇನೆ. ಹೇಳುತ್ತೇನೆ, ಸ್ವಲ್ಪ ಸುತ್ತು ಹಾಕಿಕೊಂಡು ಬಂದು ಹೇಳುತ್ತೇನೆ. ಅಂಗಡಿಗೆ ಹೋಗಿ ಬಾ ಎಂದರೆ ಬೆಟ್ಟ ಹತ್ತಿ ಇಳಿದು ಬರುವವಳು ನಾನು ಎಂದು ಮದುವೆಯಾದ ವರ್ಷವೇ ನೀವು ಕಂಡುಕೊಂಡಿದ್ದಿರಿ.

ಇಲ್ಲಿ ಮೇ ಮುಗಿಯುತ್ತಾ ಬಂತು. ಮರಗಳ ಹಳದಿ ಪುಡಿ ಕಾರಿನ ಮೇಲೆ, ಡೆಕ್ಕಿನ ಕುರ್ಚಿಗಳ ಮೇಲೆ, ಬೀಗ ಹಾಕಿಟ್ಟ ನಿಮ್ಮ ಸೈಕಲ್ಲಿನ ಮೇಲೆ ಕೂತಿದೆ. ಒರೆಸುವುದಿಲ್ಲ, ನಾಳೆ ಮತ್ತೆ ಬೀಳುತ್ತದೆ. ವಾರಕ್ಕೆ ಮೂರು ದಿನ ಪಾರ್ಸಿಪನಿಯ ಆಫೀಸಿಗೆ ಕಮ್ಯೂಟ್ ಮಾಡುತ್ತೇನೆ. 287 ಹೈವೇಯಲ್ಲಿ ಟ್ರಾಫಿಕ್ ನಿಂತಾಗ ಕಾರು ನಿಲ್ಲುತ್ತದೆ, ಮನಸ್ಸು ಮಾತ್ರ ಎಕ್ಸಿಟ್ ತೆಗೆದುಕೊಂಡು ಹೋಗಿಬಿಡುತ್ತದೆ. ಈಚೆಗೆ ಅದು ಹೋಗುವುದು ಒಂದೇ ಕಡೆ, ನಾನು ಎಂದೂ ನೋಡದ ಒಂದು ಕಡಲ ದಂಡೆಯ ಊರಿಗೆ. ಬೂದು ಬಣ್ಣದ ಸಮುದ್ರ, ದಂಡೆಗುಂಟ ಎತ್ತರದ ಕಿರಿದಾದ ಮನೆಗಳ ಸಾಲು, ಜಿನುಗುವ ಹನಿ. ಅಕ್ಷತಾ ಕೊಡೆ ಹಿಡಿದು ನಡೆಯುತ್ತಿರುತ್ತಾಳೆ. ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ, ಅವಳು ನಗುತ್ತಾಳೆ. ಒಮ್ಮೊಮ್ಮೆ ಆ ಬೀದಿಯಲ್ಲಿ ಅವಳಿಗೆ ಇಪ್ಪತ್ತು ವರ್ಷ, ಒಮ್ಮೊಮ್ಮೆ ಮೂರು. ಮೂರು ವರ್ಷದವಳಾಗಿದ್ದಾಗ ಎರಡು ಜುಟ್ಟು, ಕೆಂಪು ರಿಬ್ಬನ್ನು ಇರುತ್ತದೆ, ಕೊಡೆ ಮಾತ್ರ ಅದೇ ದೊಡ್ಡದು. ನಾನು ಹಿಂದೆ ಹಿಂದೆ ನಡೆಯುತ್ತೇನೆ, ಕರೆಯುವುದಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದಾಗ ಮತ್ತೆ ನ್ಯೂಜೆರ್ಸಿಗೆ ಬರುತ್ತೇನೆ.

ಆ ಊರು ವೇಲ್ಸ್‌ನಲ್ಲಿದೆ. ಹೆಸರು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ, ಅಕ್ಷತಾ ಮೂರು ಸಲ ಹೇಳಿಕೊಟ್ಟು ಕೈಬಿಟ್ಟಳು. ಬ್ರಿಟನ್ನಿಗೆ ಪಾಲಿಟಿಕ್ಸ್ ಓದಲು ಹೋಗುತ್ತಾಳಂತೆ ಎಂದು ಏಪ್ರಿಲ್‌ನಲ್ಲಿ ನಾನು ಫೋನಿನಲ್ಲಿ ಹೇಳಿದಾಗ ನೀವು ‘ಹೂಂ’ ಎಂದಿರಿ ಅಷ್ಟೇ. ನಿಮ್ಮ ಆ ‘ಹೂಂ’ ನನಗೆ ಅರ್ಥವಾಗುತ್ತದೆ. ನನ್ನಿಂದಾಗಿ ಮಗಳು ಮನೆ ಬಿಟ್ಟು, ದೇಶ ಬಿಟ್ಟು, ಸಿಕ್ಕಿದ್ದನ್ನು ಓದಲು ಹೋಗಬೇಕಾಯಿತು ಎಂದು ನೀವು ಅಂದುಕೊಂಡಿದ್ದೀರಿ. ಅದು ಹಾಗಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಅವಳನ್ನು ಕಮ್ಯೂನಿಟಿ ಕಾಲೇಜಿಗೆ ಸೇರಿಸಿದಾಗ ನಾವು ಹಾಕಿದ ದಾರಿ ಸರಳವಾಗಿತ್ತು. ಮನೆಯಿಂದಲೇ ಹೋಗಿ ಬಂದು ಎರಡು ವರ್ಷ ಕಂಪ್ಯೂಟರ್ ಸೈನ್ಸ್, ಆಮೇಲೆ ಸ್ಟೇಟ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್. ಮೊದಲ ವರ್ಷವೇ ಸರ್ಕಾರ, ಸಂವಿಧಾನ ಎಂದು ಒಂದು ಕೋರ್ಸು ತೆಗೆದುಕೊಂಡಳು ನೋಡಿ, ಅಲ್ಲಿಂದ ದಾರಿ ತಿರುಗಿತು. ಊರಿನ ಶಾಲಾ ಮಂಡಳಿಯ ಸಭೆಗೂ ಹೋಗಿ ಕೂರುತ್ತಿದ್ದಳು, ನೀವು ‘ಬೋರ್ಡ್ ಆಫ್ ಎಜುಕೇಶನ್ ಮೀಟಿಂಗಿಗೆ ಯಾರಾದ್ರೂ ಟೈಮ್‌ಪಾಸಿಗೆ ಹೋಗ್ತಾರೇನಮ್ಮಾ’ ಎಂದು ರೇಗಿಸುತ್ತಿದ್ದಿರಿ. 2024ರ ಚುನಾವಣೆ ನೆನಪಿದೆಯಲ್ಲ? ಎರಡು ತಿಂಗಳು ನಮ್ಮ ಬೀದಿ ಬೀದಿ ಸುತ್ತಿ ಬಾಗಿಲು ತಟ್ಟಿದಳು. ಮತದಾನದ ದಿನ ವಯಸ್ಸಾದವರನ್ನು ಕಾರಿನಲ್ಲಿ ಕರೆದೊಯ್ದು, ತಾನು ಹೊರಗೆ ನಿಂತು, ಮತ್ತೆ ಮನೆಗೆ ಬಿಟ್ಟು ಬಂದಳು. ಒಬ್ಬ ಅಜ್ಜಿ ಮತ ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನು ತನ್ನ ಕೋಟಿನಿಂದ ಕಿತ್ತು ಇವಳ ಜಾಕೆಟ್ಟಿಗೆ ಅಂಟಿಸಿದಳಂತೆ. ಅದು ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಹದಿನಾಲ್ಕು ವರ್ಷ ಇಲ್ಲಿ ಬೆಳೆದರೂ ಅವಳಿಗೆ ಇಲ್ಲಿ ಮತವಿಲ್ಲ. ಬ್ರಿಟನ್ನಿನಲ್ಲಿ ನಮ್ಮ ಪಾಸ್‌ಪೋರ್ಟು ಇಟ್ಟುಕೊಂಡು ಓದಲು ಹೋದವರೂ ಮತ ಹಾಕಬಹುದಂತೆ ರೀ! ನಾನು ನಂಬಲಿಲ್ಲ, ಅವಳು ಲ್ಯಾಪ್‌ಟಾಪ್ ತಂದು ತೋರಿಸಿದಳು. ಇನ್ನೂರು ವರ್ಷ ಆಳಿದವರಿಗೆ ಈಗ ಬುದ್ಧಿ ಬಂದಿರಬೇಕು ಎಂದೆ. ಅವಳು ನಗಲಿಲ್ಲ. ‘ಅಮ್ಮಾ, ಐ ಹ್ಯಾವ್ ನೆವರ್ ಬೀನ್ ಕೌಂಟೆಡ್ ಎನಿವೇರ್’ ಎಂದಳು. ಎಲ್ಲೂ ತನ್ನನ್ನು ಎಣಿಸಿಲ್ಲ ಎಂಬ ಆ ಮಾತು ಕೇಳಿ ನಾನು ಲ್ಯಾಪ್‌ಟಾಪ್ ಎಳೆದುಕೊಂಡು ಮೊದಲಿನಿಂದ ಓದಿದೆ.

ಅವಳು ಅರ್ಜಿ ಹಾಕಿದ್ದು ಜನವರಿಯಲ್ಲಿ. ಇನ್ನೊಮ್ಮೆ ಓದಿ, ಜನವರಿಯಲ್ಲಿ. ಜುಲೈಗೆ ಅವಳ ವೀಸಾ ಮುಗಿಯುತ್ತದೆ ಎಂದು ಲಾಯರ್ ಹೇಳಿದ್ದು ಮಾರ್ಚ್‌ನಲ್ಲಿ. ನಮಗಿಬ್ಬರಿಗೂ ಹೇಳದೆ, ಊಟದ ಮೇಜಿನ ಮುಂದೇ ಕೂತು ಬರೆದಿದ್ದಾಳೆ, ನಾನು ಹೋಮ್‌ವರ್ಕ್ ಎಂದುಕೊಂಡು ಹಾಲು ಕಾಯಿಸಿ ಕೊಟ್ಟಿದ್ದೇನೆ. ಬ್ರಿಟನ್ನಿನ ಅರ್ಜಿ ಬೇರೆ ಥರ. ಭರತನಾಟ್ಯ, ರೋಬೋಟಿಕ್ಸ್, ಕನ್ನಡ ಕೂಟದಲ್ಲಿ ಊಟ ಬಡಿಸಿದ್ದು, ಹೀಗೆ ಹೈಸ್ಕೂಲಿನಿಂದ ನಾನು ಪಟ್ಟಿ ಮಾಡಿ ಇಟ್ಟಿದ್ದೆನಲ್ಲ, ಅದರಲ್ಲಿ ಹೆಚ್ಚಿನದು ಅವರಿಗೆ ಬೇಡವಂತೆ. ಈ ವಿಷಯ ಯಾಕೆ ಬೇಕು, ಓದು ಹೇಗೆ ಸಿದ್ಧ ಮಾಡಿದೆ, ಓದಿನಾಚೆ ಏನು ಮಾಡಿದ್ದೀ, ಮೂರೇ ಪ್ರಶ್ನೆ. ಮೂರಕ್ಕೂ ಅವಳು ಆ ಸ್ಟಿಕ್ಕರಿನಿಂದಲೇ ಉತ್ತರ ಶುರು ಮಾಡಿದ್ದಳಂತೆ, ಕಾಲೇಜಿನ ಮೇಡಂ ನೋಡಿ ಎರಡು ಕಡೆ ತೆಗೆಸಿದರಂತೆ.

ಇನ್ನೊಂದು ಸುದ್ದಿ ಇದೆ, ಕೂತುಕೊಂಡು ಓದಿ. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ದೊಡ್ಡ ಊರಿನ ಯೂನಿವರ್ಸಿಟಿ, ಅವರು ಇಲ್ಲಿಯ ಕ್ರೆಡಿಟ್ಟುಗಳನ್ನು ಒಪ್ಪಿಕೊಂಡು ನೇರ ಎರಡನೇ ವರ್ಷಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ವೇಲ್ಸ್‌ನ ಆ ಕಡಲೂರಿನವರು ಮೊದಲ ವರ್ಷದಿಂದಲೇ ಓದಬೇಕು ಎಂದರು. ಇವಳು ಕಡಲೂರನ್ನು ಆರಿಸಿಕೊಂಡಳು! ಮೂರು ವರ್ಷ ಪೂರ್ತಿ ಬೇಕಂತೆ, ಅಡಿಯಿಂದ ಕಲಿಯಬೇಕಂತೆ. ಮೊದಲೇ ವಿಷಯ ಬದಲಾಯಿಸಿ ಎರಡು ವರ್ಷದ್ದನ್ನು ಮೂರು ವರ್ಷ ಓದಿದವಳು. ‘ಒಂದು ವರ್ಷ ಸುಮ್ಮನೆ ಹಾಳಲ್ಲವೇನೇ’ ಎಂಬ ಮಾತು ನನ್ನ ಗಂಟಲಿನವರೆಗೆ ಬಂತು. ಆ ಮಾತನ್ನು ನಾನು ಮೊದಲು ಎಲ್ಲಿ ಆಡಿದ್ದೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ನಿಮಗೂ ನೆನಪಾಗಿರಬೇಕು.

ಅಲ್ಲಿಗೆ ನನ್ನ ಸುತ್ತು ಮುಗಿಯಿತು. ನೀವು ಡಿಸೆಂಬರಿನಲ್ಲಿ ಮಾವನವರ ತಿಥಿಗೆಂದು ಮೂರು ವಾರಕ್ಕೆ ಹೋದವರು. ವಾಪಸು ಬರಲು ಬೇಕಾದ ವೀಸಾ ಸ್ಟ್ಯಾಂಪಿಂಗ್ ಅಪಾಯಿಂಟ್‌ಮೆಂಟು ಮೊದಲು ಮಾರ್ಚ್‌ಗೆ, ಮಾರ್ಚ್‌ನಿಂದ ಅಕ್ಟೋಬರಿಗೆ ಹೋಗಿ ಅಲ್ಲೇ ಉಳಿದಿರಿ. ನನ್ನ ಕೆಲಸ, ನನ್ನ ವೀಸಾ ಬೇರೆಯಾದ್ದರಿಂದ ನಾವಿಬ್ಬರು ಇಲ್ಲೇ ಇದ್ದೆವು. ಅಪ್ಪ ಅಮ್ಮನ ವೀಸಾದ ಕೆಳಗೆ ಮಕ್ಕಳು ಇಪ್ಪತ್ತೊಂದು ತುಂಬುವವರೆಗೆ ಮಾತ್ರ ಇರಬಹುದು ಎಂದು ನಮಗೆ ಗೊತ್ತೇ ಇತ್ತು. ನವೆಂಬರಿನವರೆಗೆ ಸಮಯವಿದೆ, ಅಷ್ಟರಲ್ಲಿ ಸ್ಟೂಡೆಂಟ್ ವೀಸಾಗೆ ಬದಲಾಯಿಸಿದರಾಯಿತು ಎಂದು ಕಾಲು ಚಾಚಿ ಕೂತಿದ್ದೆವು. ನಮ್ಮ ಮನೆಯಲ್ಲಿ ಅವಳ ಹುಟ್ಟುಹಬ್ಬ ಎಂದರೆ ತುಳಸಿ ಹಬ್ಬ. ತುಳಸಿ ಕಟ್ಟೆಗೆ ನೆಲ್ಲಿಕಾಯಿ ಕೊಂಬೆ ಇಡುತ್ತಿದ್ದ ಸಂಜೆ ಹುಟ್ಟಿದವಳು ಎಂದು ವರ್ಷ ವರ್ಷವೂ ಆ ದಿನವೇ ಆರತಿ ಎತ್ತಿದೆವು. ಸರ್ಕಾರದ ಪಾಲಿಗೆ ಅವಳು ಹುಟ್ಟಿದ್ದು ಅದಕ್ಕೂ ನಾಲ್ಕು ತಿಂಗಳು ಮೊದಲು, ಜುಲೈ ಇಪ್ಪತ್ತಕ್ಕೆ, ಎಂಬುದನ್ನು ಮರೆತೇಬಿಟ್ಟಿದ್ದೆವು. ಅವಳು ಮರೆತಿರಲಿಲ್ಲ, ಫಾರ್ಮು ತುಂಬುವವಳು ಅವಳಲ್ಲವೇ.

ಮಾರ್ಚ್ ಹದಿನಾಲ್ಕರ ವಿಡಿಯೋ ಕಾಲಿನಲ್ಲಿ ಲಾಯರ್, ಜುಲೈ ಒಳಗೆ ಸ್ಟೂಡೆಂಟ್ ವೀಸಾ ಆಗಲಾರದು ಎಂದು ಹೇಳಿ ಕೇಳಿದರು, ಜುಲೈ ಇಪ್ಪತ್ತು ತಪ್ಪಾದರೆ ಅದು ಬರೆದವರ ತಪ್ಪೇ, ತಿದ್ದಿಸಬಹುದೇ ಎಂದು. ಮಗಳಿಗೂ ನಾವು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಅದೇ, ಆಫೀಸಿನವರು ತಪ್ಪಾಗಿ ಬರೆದರು ಎಂದು. ನೀವು ಅವತ್ತು ಸುಳ್ಳು ಹೇಳಲಿಲ್ಲ. ‘ಇಲ್ಲ ಸರ್, ನಾನೇ ಹಾಗೆ ಬರೆಸಿದ್ದು’ ಎಂದಿರಿ. ಅಕ್ಷತಾ ನಿಮ್ಮ ಮುಖವನ್ನೇ ನೋಡುತ್ತಿದ್ದಳು. ‘ಫೋರ್ ಮಂತ್ಸ್, ಅಪ್ಪಾ. ದೋಸ್ ವರ್ ಮೈನ್’, ಆ ನಾಲ್ಕು ತಿಂಗಳು ನನ್ನವು, ಎಂದು ಎದ್ದು ಹೋದಳು. ನಾನು ಪಕ್ಕದಲ್ಲೇ ಕೂತಿದ್ದೆ. ಬೆರಳಿನ ಉಂಗುರ ತಿರುಗಿಸುತ್ತಾ ಕೂತಿದ್ದೆ. ನೀವು ನನ್ನ ಕಡೆ ಒಂದು ಸಲ ನೋಡಿ ಕ್ಯಾಮೆರಾ ಆರಿಸಿದಿರಿ.

ಆ ತಾರೀಖು ಬರೆಸಿದವಳು ನಾನು. ನಮ್ಮಿಬ್ಬರಿಗೂ ಗೊತ್ತು, ಗದಿಗೆಪ್ಪನವರಿಗೆ ಗೊತ್ತು. ನನ್ನ ತವರೂರಿನ ಪುರಸಭೆಯ ಗುಮಾಸ್ತರು, ಹಾವೇರಿ ಕಡೆಯವರು. ಮನೆಯಲ್ಲೇ ಹುಟ್ಟಿದ ಮಗು, ಎಲ್ಲೂ ಬರೆಸಿರಲಿಲ್ಲ, ಎಲ್‌ಕೆಜಿಗೆ ಸೇರಿಸುವ ಹೊತ್ತಿಗೆ ಸರ್ಟಿಫಿಕೇಟು ಬೇಕೆಂದು ಓಡಿದ್ದೆವು. ನವೆಂಬರ್ ಎಂದರೆ ಆ ವರ್ಷ ಸೇರಿಸಿಕೊಳ್ಳುವ ಹಾಗಿರಲಿಲ್ಲ. ‘ಹೇಳ್ರೀ ಅಕ್ಕಾರ, ಯಾವ ತಾರೀಖು ಹಾಕೂಣ್ರಿ?’ ಎಂದು ಅವರು ಪೆನ್ನು ಹಿಡಿದು ಕೇಳಿದಾಗ ನೀವು ‘ಇದ್ದದ್ದು ಇದ್ದ ಹಾಗೇ ಬರೀಲಿ ಕಣೇ, ಒಂದು ವರ್ಷ ತಾನೇ’ ಎಂದಿರಿ. ‘ಒಂದು ವರ್ಷ ಸುಮ್ಮನೆ ಹಾಳಲ್ಲವೇನ್ರೀ’ ಎಂದು ನಾನು ನಿಮ್ಮ ಕಾಲು ತುಳಿದೆ. ನನ್ನ ತಂಗಿ ಅರ್ಪಿತಾಳ ಮಗ ಆ ವರ್ಷವೇ ಸೇರುತ್ತಿದ್ದ, ಎರಡು ತಿಂಗಳಷ್ಟೇ ದೊಡ್ಡವನು. ನನ್ನ ಮಗಳು ಅವನಿಗಿಂತ ಒಂದು ಕ್ಲಾಸು ಹಿಂದೆ ಉಳಿಯುವುದೇ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಎಷ್ಟು ಸಣ್ಣ ಬುದ್ಧಿ ನೋಡಿ. ‘ಜುಲೈ ಇಪ್ಪತ್ತು ಅಂತ ಬರೀರಿ’ ಎಂದೆ. ಅಫಿಡವಿಟ್ಟಿಗೆ ಸಹಿ ಹಾಕಿದ್ದು ನೀವು, ಅಷ್ಟೇ ನಿಮ್ಮ ತಪ್ಪು. ಹನ್ನೊಂದು ವಾರ ನನ್ನ ತಪ್ಪನ್ನು ನೀವು ಹೊತ್ತುಕೊಂಡು ಕೂತಿದ್ದೀರಿ, ನಾನು ದಿನವೂ ಇಲ್ಲಿ ಅವಳಿಗೆ ಚಪಾತಿ ಮಾಡಿ ಹಾಕಿಕೊಂಡು ಒಳ್ಳೆಯ ಅಮ್ಮನಾಗಿದ್ದೇನೆ. ನನಗೆ ನಾಚಿಕೆಯಾಗುತ್ತದೆ ರೀ.

ನಿನ್ನೆ ಅವಳಿಗೆ ಹೇಳಿದೆ. ಕಾಲೇಜಿನಲ್ಲಿ ಅವಳ ಕೊನೆಯ ಕಾಗದಪತ್ರ ಇಸಿದುಕೊಂಡು ಪಾರ್ಕಿಂಗ್ ಲಾಟಿನಿಂದ ಹೊರಡುತ್ತಿದ್ದೆವು. ಮುಂದೆ ಬಾತುಗಳ ಸಂಸಾರವೊಂದು ರಸ್ತೆ ದಾಟುತ್ತಿತ್ತು, ತಾಯಿ, ತಂದೆ, ನಡುವೆ ಏಳು ಹಳದಿ ಮರಿ. ಅವಕ್ಕೆ ಯಾವ ಅವಸರವೂ ಇರಲಿಲ್ಲ. ಕಾರು ನಿಲ್ಲಿಸಲೇಬೇಕಾಯಿತು, ಸ್ಟಿಯರಿಂಗ್ ಹಿಡಿದುಕೊಂಡೇ ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ, ಕಾಲು ತುಳಿದದ್ದನ್ನೂ ಸೇರಿಸಿ. ‘ಆಂಡ್ ಯು ಲೆಟ್ ಹಿಮ್ ಟೇಕ್ ಇಟ್?’ ಎಂದು ಕೇಳಿದಳು. ಹೌದು, ಅಪ್ಪನೇ ಹೊತ್ತುಕೊಳ್ಳಲಿ ಎಂದು ಬಿಟ್ಟೆ ಎಂದೆ. ಇಳಿದು ರಸ್ತೆಯಾಚೆಯ ಕೊಳದವರೆಗೆ ನಡೆದುಹೋದಳು. ಅವಳು ಬಂದು ಮತ್ತೆ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಬಾತುಗಳೆಲ್ಲ ನೀರಿಗಿಳಿದಿದ್ದವು. ಇವತ್ತು ಬೆಳಗ್ಗೆಯಿಂದ ಮಹಡಿಯ ಮೇಲಿದ್ದಾಳೆ. ಈಗ ಕೋಪ ನನ್ನ ಮೇಲೆ ತಿರುಗಿದೆ. ತಿರುಗಲಿ, ಸಲ್ಲಬೇಕಾದವರಿಗೆ ಸಂದಿದೆ. ಜುಲೈ ಹದಿನೆಂಟಕ್ಕೆ ಅವಳು ದುಬೈಗೆ, ಅರ್ಪಿತಾ ಮನೆಗೆ ಹೋಗಿ, ಬ್ರಿಟನ್ನಿಗೆ ಬಿಡುವ ಸಮಯ ಬರುವವರೆಗೆ ಅಲ್ಲಿ ಕಾಯುವುದು ಎಂದು ಗೊತ್ತು ಮಾಡಿಕೊಂಡಿದ್ದಾಳೆ. ಅಷ್ಟರೊಳಗೆ ಒಂದು ಸಲ, ಒಂದೇ ಸಲ, ಕ್ಯಾಮೆರಾ ಹಾಕಿ ಅವಳ ಜೊತೆ ಮಾತಾಡಿ. ನಾನು ಅಂಗಳಕ್ಕೆ ಹೋಗಿ ಕೂತಿರುತ್ತೇನೆ.

ಇನ್ನೊಂದೇ ಮಾತು. ಕ್ಯಾಲೆಂಡರಿನಲ್ಲಿ ಅಷ್ಟು ದಿನಗಳಿರುವಾಗ ಜುಲೈ ಇಪ್ಪತ್ತೇ ನನ್ನ ಬಾಯಿಗೆ ಯಾಕೆ ಬಂತು ಎಂದು ನೀವು ಎಂದೂ ಕೇಳಲಿಲ್ಲ. 2005ರ ಜುಲೈ ಇಪ್ಪತ್ತು ಬುಧವಾರ. ನೀವು ಅರ್ಧ ದಿನ ರಜೆ ಹಾಕಿ ಬಂದಿದ್ದಿರಿ. ಅವಳು ಹೊಟ್ಟೆಯೊಳಗೆ ಒದೆಯುತ್ತಾಳೆ ಎಂದು ನಾನು ವಾರದಿಂದ ಹೇಳುತ್ತಿದ್ದೆ, ನಿಮ್ಮ ಕೈಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಕೂತು ಕೈ ಇಟ್ಟವರು ತೆಗೆಯಲೇ ಇಲ್ಲ. ಹೊರಗೆ ಯಾರೋ ಹಳೇ ಪೇಪರ್ ಎಂದು ಕೂಗಿಕೊಂಡು ಹೋದರು, ಬಿಸಿಲು ಕಿಟಕಿಯಿಂದ ಗೋಡೆಗೆ ಹೋಯಿತು, ನನಗೆ ಕೂತಲ್ಲೇ ತೂಕಡಿಕೆ. ‘ಒದ್ದಳು ಕಣೇ!’ ಎಂದು ನೀವು ಕೂಗಿದ್ದಕ್ಕೆ ಎಚ್ಚರವಾಯಿತು. ಮಗಳೇ ಎಂದು ಆಗಲೇ ಹೇಗೆ ಗೊತ್ತಾಯಿತೋ ನಿಮಗೆ. ಗದಿಗೆಪ್ಪನವರು ಯಾವ ತಾರೀಖು ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಬುಧವಾರ. ಇದನ್ನು ನಾನು ಅಕ್ಷತಾಗೆ ಹೇಳಿಲ್ಲ. ನಿಮ್ಮ ಬಾಯಿಂದಲೇ ಕೇಳಲಿ ಎಂದು ಇಟ್ಟಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮುಲಾಮು ಹಚ್ಚಿ ತಿಕ್ಕಬಾರದು, ಸುಮ್ಮನೆ ಸವರಿದರೆ ಸಾಕು. ಬಾದಾಮಿಯನ್ನು ನೆನೆಹಾಕಿ ತಿನ್ನಿ, ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ. ನನ್ನನ್ನು ಬೈಯಬೇಕೆನಿಸಿದರೆ ಬೈದು ಬರೆಯಿರಿ, ಉತ್ತರ ಬರೆಯದೆ ಮಾತ್ರ ಇರಬೇಡಿ.

ಇಂತು ನಿಮ್ಮ,
ಕಲಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮಹದೇವ ಅಂಕಲ್ ಬಾಗಿಲಲ್ಲೇ ನಿಂತಿದ್ದಾರೆ, ಚಪ್ಪಲಿಯನ್ನೂ ಬಿಟ್ಟಿಲ್ಲ, ಅಕ್ಷರ ವಕ್ರವಾದರೆ ಕ್ಷಮಿಸಿ. ಈಗ ತಾನೇ ಅಕ್ಷತಾ ಕೆಳಗೆ ಬಂದು ಒಂದು ಪ್ರಿಂಟು ನನ್ನ ಮುಂದಿಟ್ಟಳು. ದುಬೈ ಟಿಕೆಟ್ ಕ್ಯಾನ್ಸಲ್ ಮಾಡಿದ್ದಾಳೆ. ಜುಲೈ ಹದಿನೆಂಟರ ಸಂಜೆ ನ್ಯೂವಾರ್ಕ್ ಬಿಟ್ಟು ಇಪ್ಪತ್ತರ ಬೆಳಗ್ಗೆ ಬೆಂಗಳೂರಿಗೆ ಬರುತ್ತಾಳೆ. ಅಲ್ಲಿಂದಲೇ ಬ್ರಿಟನ್ ವೀಸಾ, ಆಗಸ್ಟ್ ಕೊನೆಗೆ ಅಲ್ಲಿಂದಲೇ ಲಂಡನ್. ನಲವತ್ತು ದಿನ ನಿಮ್ಮ ಜೊತೆ ಇರುತ್ತಾಳೆ ರೀ! ನವೆಂಬರ್ ಎಂದೇ ಬರೆಸಿದ್ದರೆ ಅವಳು ಇಲ್ಲಿಂದ ನೇರ ಲಂಡನ್ನಿಗೆ ಹಾರುತ್ತಿದ್ದಳು, ನಿಮ್ಮ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: ‘ಅಪ್ಪ ಏರ್‌ಪೋರ್ಟ್‌ಗೆ ಬರ್ಲಿ. ಅಲ್ಲಿ ಕ್ಯಾಮೆರಾ ಆಫ್ ಮಾಡೋಕಾಗಲ್ಲ.’ ಅವತ್ತು ಕಾಗದದ ಮೇಲೆ ಅವಳಿಗೆ ಇಪ್ಪತ್ತೊಂದು. ಆ ತಾರೀಖಿಗೆ ನಾವು ಈವರೆಗೆ ಒಂದು ಚಮಚ ಸಿಹಿ ಮಾಡಿಲ್ಲ. ಅತ್ತೆಗೆ ಹೇಳಿ ಗಸಗಸೆ ಪಾಯಸ ಮಾಡಿಸಿ. ಆ ಬುಧವಾರದ ವಿಷಯ ಆಗ ಹೇಳಿ. ಪಾಯಸ ನೀವೇ ಬಡಿಸಿ.